ಅವ್ವನ ಪಾಲಿನ ಮೆಮೊರಿ

"ನಿನ್ನ ಕೇಳದ ನಿನ್ನ ಒಂದು ನೆನಪೂ ಅಳಸಂಗಿಲ್ಲವ್ವಾ" ಎಂದು ಬಹಳ ವರ್ಷಗಳ ಹಿಂದೆ, ಸಾಯಲು ಬಿದ್ದಿದ್ದ ತಾಯಿಗೆ ಒಬ್ಬಳೇ ಮಗಳು ದ್ರಾಕ್ಷಾಯಣಿ ಮಾತು ಕೊಟ್ಟಿದ್ದಳು. ಊರಿನ ಸತ್ತವರೆಲ್ಲ ಪುರಸಭೆಯ ಹಳೆಯ ಯುನಿಕ್ಸ್ ಕಂಪ್ಯೂಟರ್ ಮೆಷಿನ್ನಿನಲ್ಲಿ ತಮ್ಮ ನೆನಪುಗಳ ಸಮೇತ ಇರುತ್ತಿದ್ದರು, ಸ್ಪೀಕರಿನಲ್ಲಿ ಮಾತಾಡುತ್ತಿದ್ದರು. ಅದನ್ನು ನೋಡಿಕೊಳ್ಳುವ ಕೆಲಸ ಅವಳದೇ.

ಈ ಸಲದ ಜ್ವರಕ್ಕೆ ಊರಲ್ಲಿ ಹೆಣದ ಮೇಲೆ ಹೆಣ ಬಿತ್ತು. ಹೊಸಬರಿಗೆ ಜಾಗ ಮಾಡಲು, ಮೆಷಿನ್ನನ್ನು ನಡೆಸುವ ಮೂಲ ಪ್ರೋಗ್ರಾಮಾದ ಕರ್ನೆಲ್‌ನಲ್ಲಿ ಒಬ್ಬೊಬ್ಬರ ಮೆಮೊರಿ ಮಿತಿಯನ್ನು ಇಳಿಸಲೇಬೇಕಾಯಿತು. ಮಿತಿ ಮೀರಿದವರನ್ನು ಮೆಷಿನ್ನು ಪೂರ್ತಿ ಅಳಿಸಿಹಾಕುತ್ತದೆ. ಹಾಗಾಗಿ ಯಾವ ನೆನಪು ಬಿಡುತ್ತೀರಿ ಎಂದು ಸತ್ತವರನ್ನೇ ಕೇಳುವುದು ಪದ್ಧತಿ. ಉಳಿದವರೆಲ್ಲ ಬಿಟ್ಟಾಗಿತ್ತು, ಅವ್ವ ಮಾತ್ರ ಹಟ ಹಿಡಿದಿದ್ದಳು.

"ಎಮ್ಮಿ ನೆನಪು ಬಿಡವ್ವಾ."

"ನಮ್ಮ ಗೌರೀನ? ನಿನ್ನ ನಾಲಗಿ ಸೇದಿ ಹೋಗ್ಲಿ!"

"ಮತ್ತ ಆ ಗ್ವಾಡಿ ಜಗಳ?"

"ಅದನ್ನ ಬಿಟ್ರ ಪಕ್ಕದಮನಿ ತಾಯವ್ವ ಗೆದ್ದಂಗ ಆತು. ಆಕೀನೂ ಇಲ್ಲೇ ಅದಾಳ."

"ಏನರ ಒಂದು ಬಿಡಬೇಕವ್ವಾ. ಇಲ್ಲಾಂದ್ರ ನೀನೇ ಇರಂಗಿಲ್ಲ."

ಸ್ಪೀಕರಿನಲ್ಲಿ ಅವ್ವ ತನ್ನ ನೆನಪುಗಳನ್ನು ಗೊಣಗುತ್ತ ಎಣಿಸಿದಳು.

"ಹಂಗಾರ ನಿನ್ನ ನೆನಪೇ ಬಿಡ್ತೀನಿ. ನೀ ದಿನಾ ಬರಾಕಿ, ಮತ್ತ ಗುರುತಾಗ್ತೀ. ಎಮ್ಮಿ ಬರತೈತೇನು?"

ಹೊಸ ಗುರುತು ಇಟ್ಟುಕೊಳ್ಳಲು ಇಳಿಸಿದ ಮಿತಿಯಲ್ಲಿ ಜಾಗ ಉಳಿಯುವುದಿಲ್ಲ ಎಂದು ದ್ರಾಕ್ಷಾಯಣಿಗೆ ಗೊತ್ತಿತ್ತು. ಹೇಳಿದರೆ ಅವ್ವ ಮತ್ತೆ ಹಟ ಹಿಡಿಯುತ್ತಾಳೆಂದು, ಹೇಳದೆಯೇ ಅವ್ವನೊಳಗಿನ ತನ್ನ ನೆನಪನ್ನು ಅಳಿಸಿದಳು. ಮಿತಿ ಇಳಿಸಿ, ಮೆಷಿನ್ನು ನಿಲ್ಲಿಸಿ, ಮತ್ತೆ ಚಾಲೂ ಮಾಡಿದಳು.

"ಅವ್ವಾ?"

"ಯಾರ್ರೀ ನೀವು?" ಎಂದಿತು ಸ್ಪೀಕರು. "ನಾ ಯಾರ ಅವ್ವನೂ ಅಲ್ರಿ. ನನಗ ಮಕ್ಕಳೇ ಆಗಲಿಲ್ಲ."

ದ್ರಾಕ್ಷಾಯಣಿ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದಳು.