ಮೊದಲು ಕಾಪಿ

"ನಿಮ್ಮ ಕಂಪ್ಯೂಟರ್ ಪದೇ ಪದೇ ಹ್ಯಾಂಗ್ ಆಗಿ ಆಫ್ ಆಗ್ತಿದ್ದದ್ದು ಇದಕ್ಕೇ ಸಾರ್. ಹಾರ್ಡ್ ಡಿಸ್ಕ್ ಟಕ್ ಟಕ್ ಅಂತಿದೆ, ಕೇಳಿ," ಎಂದ ರಿಪೇರಿ ಅಂಗಡಿಯ ರುದ್ರೇಶಿ.

ಲಾಡ್ಜ್ ಮಾಲೀಕರು ಬಗ್ಗಿ ಕೇಳಿಸಿಕೊಂಡರು. "ಎಷ್ಟು ದಿನ ಬರತ್ತೆ?"

"ಇವತ್ತೋ ನಾಳೆಯೋ ಅನ್ನೋ ಹಾಗಿದೆ."

"ನಮ್ಮ ಕ್ಯಾಮೆರಾ ರೆಕಾರ್ಡಿಂಗ್ ಎಲ್ಲಾ ಅದರಲ್ಲೇ ಇದೆ. ಆ ಹುಡುಗಿ ಮಹಡಿಯಿಂದ ಬಿದ್ದ ದಿನದ್ದೂ. ನಾಳೆ ಪೊಲೀಸ್ನೋರು ಕೇಳ್ಕೊಂಡು ಬರ್ತಾರೆ."

"ಡಿಸ್ಕ್ ಸತ್ರೆ ಬ್ರಹ್ಮ ಬಂದ್ರೂ ತೆಗೆಯೋಕಾಗಲ್ಲ."

ಮಾಲೀಕರು ದೀರ್ಘವಾಗಿ ಉಸಿರು ಬಿಟ್ಟರು. ರುದ್ರೇಶಿಗೆ ಅಯ್ಯೋ ಅನ್ನಿಸಿತು.

"ಚಿಂತೆ ಬಿಡಿ ಸಾರ್. ಯಾವ ಡಿಸ್ಕ್ ಬಂದ್ರೂ ನಾನು ಮೊದಲು ಕಾಪಿ ಮಾಡ್ಕೊಂಡೇ ಟೆಸ್ಟ್ ಮಾಡೋದು. ಆ ದಿನದ್ದು ಪೂರ್ತಿ ಬಂದಿದೆ."

"ಯಾರಾದ್ರೂ ನೋಡಿದ್ರಾ?"

"ಯಾರು ನೋಡ್ತಾರೆ ಸಾರ್, ಅಂಗಡೀಲಿ ಇರೋದು ನಾನೊಬ್ನೇ."

ಮಾಲೀಕರು ಎದ್ದು ಹೋಗಿ, ಅಂಗಡಿಯ ಶಟರನ್ನು ಒಳಗಿನಿಂದ ಎಳೆದರು.