ಸೊಟ್ಟ ಪಟ್ಟಿಯ ಗಿಟಾರು

ಗಿಟಾರಿನ ಕುತ್ತಿಗೆ ಗಾದಿಲಿಂಗಪ್ಪನ ಕೈಯಲ್ಲಿತ್ತು, ಹೊಟ್ಟೆ ವೆಂಕಣ್ಣನ ಕೈಯಲ್ಲಿ. ಇಬ್ಬರೂ ಬಿಡುವವರಲ್ಲ. ಸಿರುಗುಪ್ಪದ ಸಂತೆಗೆ ಬಂದಿದ್ದ ಜನ ಮೆಣಸಿನಕಾಯಿಯ ಚೌಕಾಸಿಯನ್ನು ಅರ್ಧಕ್ಕೇ ಬಿಟ್ಟು ಕೊಟ್ಟೂರಪ್ಪನ ರೇಡಿಯೋ ಅಂಗಡಿಯ ಮುಂದೆ ನೆರೆದಿದ್ದರು.

"ಇದು ನಂದು! ಹೋದ ವರ್ಷ ಕಳುವಾಗಿದ್ದು!" ಎಂದು ಕುರುಗೋಡಿನ ಗಾದಿಲಿಂಗಪ್ಪ ಕೂಗಿದ.

"ವರ್ಷದಿಂದ ನಾ ಬಾರ್ಸಾಕ ಹತ್ತೀನಿ, ನಿಂದು ಹೆಂಗ ಆಕ್ಕೈತಿ?" ಎಂದ ತೆಕ್ಕಲಕೋಟೆಯ ವೆಂಕಣ್ಣ. ಅವನು ಆರ್ಕೆಸ್ಟ್ರಾದವನು. ಮರುದಿನ ಬಳ್ಳಾರಿಯಲ್ಲಿ ಪ್ರೋಗ್ರಾಂ ಇತ್ತು. ಗಿಟಾರಿನ ವೈರು ಬಿಟ್ಟುಕೊಂಡಿದ್ದರಿಂದ ಬೆಸುಗೆ ಹಾಕಿಸಲು ಅಂಗಡಿಗೆ ತಂದಿದ್ದ. ಬ್ಯಾಟರಿ ಸೆಲ್ಲು ಕೊಳ್ಳಲು ಬಂದ ಗಾದಿಲಿಂಗಪ್ಪನ ಕಣ್ಣಿಗೆ ಅದು ಬಿತ್ತು. ಆಮೇಲೆ ಸೆಲ್ಲು ಯಾರಿಗೆ ಬೇಕು?

ಬೇರೆ ಗಿಟಾರೆಂದು ಹೇಳಿ ಜಾರಿಕೊಳ್ಳಲು ಬರುವಂಥದ್ದಲ್ಲ ಅದು. ಆರಿರಬೇಕಾದ ತಂತಿ ಎಂಟು. ಕುತ್ತಿಗೆಯ ಮೇಲೆ ಅಡ್ಡಕ್ಕೆ ಕೂರಿಸಿದ ಹಿತ್ತಾಳೆ ಪಟ್ಟಿಗಳೆಲ್ಲ ಬೀಸಣಿಗೆಯ ಕಡ್ಡಿಗಳ ಹಾಗೆ ಒಂದೊಂದು ಒಂದೊಂದು ಕಡೆಗೆ ಓರೆ. ಬಡಗಿ ಕುಡಿದು ಬಡಿದಿದ್ದಾನೆ ಎಂದು ಗುಂಪಿನಲ್ಲಿ ಯಾರೋ ತೀರ್ಪನ್ನೂ ಕೊಟ್ಟುಬಿಟ್ಟರು.

ಗಾದಿಲಿಂಗಪ್ಪನಿಗೆ ಸಿಟ್ಟು ಬಂತು. "ಕುಡಿದಿಲ್ರೀ. ದಪ್ಪ ತಂತಿ ಗಿಡ್ಡ ಇದ್ರ ಜೋಲು ಬೀಳ್ತೈತಿ, ಅದಕ್ಕ ಉದ್ದ ಬೇಕು. ಸಣ್ಣ ತಂತಿಗೆ ಗಿಡ್ಡ ಸಾಕು. ಅದಕ್ಕ ಪಟ್ಟಿ ಓರೆ. ನಮ್ಮೂರ ಜಡೆಪ್ಪ ಆರು ತಿಂಗಳು ಕುಂತು ನನಗಂತ ಮಾಡಿದ್ದು."

"ಪಟ್ಟಿ ಯಾಕ ಓರೆ ಅನ್ನೋದು ನನಗೂ ಗೊತ್ತೈತಿ," ಎಂದ ವೆಂಕಣ್ಣ.

ಜಡೆಪ್ಪನನ್ನೇ ಕರೆಸಿ ಕೇಳೋಣವೆಂದರೆ ಅವನು ಹೋದ ದಸರೆಗೆ ಮುಂಚೆಯೇ ಜ್ವರದಲ್ಲಿ ತೀರಿಕೊಂಡಿದ್ದ. ಗಾದಿಲಿಂಗಪ್ಪನ ಜೀವದ ಗೆಳೆಯ ಅವನು. ಅವನ ಕೈಯಿಂದ ಬಂದ ಕೊನೆಯ ಸಾಮಾನು ಇದು. ಹೋದರೆ ಇನ್ನೊಂದಿಲ್ಲ. ಗಾದಿಲಿಂಗಪ್ಪ ಕುತ್ತಿಗೆ ಬಿಡದೆ ಹಿಡಿದಿದ್ದದ್ದು ಅದಕ್ಕೆ.

"ಸಾವ್ಕಾರ್ರ, ನೀವ ಬಗಿಹರಿಸ್ರಿ," ಎಂದರು ಜನ.

ಕೊಟ್ಟೂರಪ್ಪ ಮದುವೆ ಮುಂಜಿಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುವವನು. ಹಾಗಾಗಿ ಸದ್ದಿಗೆ ಸಂಬಂಧಪಟ್ಟ ಎಲ್ಲವೂ ಅವನ ಇಲಾಖೆ ಎಂದು ಊರು ಒಪ್ಪಿಕೊಂಡಿತ್ತು. ಗಂಡಹೆಂಡಿರ ಜಗಳದಲ್ಲಿ ದನಿ ಏರಿದರೂ ಅವನಿಗೇ ಕರೆ ಬರುತ್ತಿತ್ತು. ಅವನು ಟೋಪಿ ಸರಿಮಾಡಿಕೊಂಡು, ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಸ್ಟೂಲಿನ ಮೇಲೆ ಕೂತ.

"ಕಳುವಾಗಿದ್ದು ನಿನ್ನ ಮನಿಯಾಗಿಂದ ಏನು, ತಮ್ಮಾ?"

"ಅಲ್ರೀ. ಜಡೆಪ್ಪನ ಶೆಡ್ಡಿನಾಗಿಂದ. ಅವ ಮುಗಿಸಿದಾಗ ಆಷಾಢ ಹತ್ತಿತ್ತು. ಹೊಸಾದು ಮನಿಯೊಳಗ ತರಬ್ಯಾಡ, ಶ್ರಾವಣ ಸೋಮವಾರ ಪೂಜಿ ಮಾಡಿ ತಗೊಂಬಾ ಅಂದ್ಳು ನಮ್ಮವ್ವ. ಅಲ್ಲೇ ಇಟ್ಟಿದ್ದೆ. ಅವ ಉಣ್ಣಾಕ ಹೋಗಿ ಬರೋದ್ರೊಳಗ ಮಾಯ ಆತು."

ಗುಂಪಿನ ಹೆಂಗಸರು ತಲೆಯಾಡಿಸಿದರು. ಆಷಾಢದಲ್ಲಿ ಹೊಸ ಮೊರವನ್ನೂ ಹೊಸ್ತಿಲು ದಾಟಿಸದ ಮನೆಗಳವರು ಅವರು.

"ಅಂದ್ರ, ಇದು ನಿನ್ನ ಕೈಯಾಗ ಇದ್ದದ್ದನ್ನ ನೋಡಿದವರು ಯಾರೂ ಇಲ್ಲ," ಎಂದ ಕೊಟ್ಟೂರಪ್ಪ ಮೆಲ್ಲಗೆ.

ಹೆಂಗಸರ ತಲೆಗಳು ನಿಂತವು.

"ಅವನ್ನ ಕೇಳ್ರಿ ಸಾವ್ಕಾರ್ರ! ಎಲ್ಲಿಂದ ತಂದಾನ ಕೇಳ್ರಿ!" ಎಂದ ಗಾದಿಲಿಂಗಪ್ಪ.

ವೆಂಕಣ್ಣ ಬಾಯಿ ತೆರೆದು ಕೊಟ್ಟೂರಪ್ಪನ ಮುಖ ನೋಡಿದ. ಕೊಟ್ಟೂರಪ್ಪ ಕೈಯೆತ್ತಿದ. "ಲೇ ವೆಂಕಣ್ಣ, ನೀ ಸುಮ್ನಿರು. ಬಾಯಿಲೆ ಯಾರು ಏನು ಬೇಕಾದ್ರೂ ಹೇಳ್ತಾರ. ತಂತಿ ಸುಳ್ಳು ಹೇಳಂಗಿಲ್ಲ. ಇಂಥಾ ಸೊಟ್ಟ ಪಟ್ಟಿ ಮ್ಯಾಲೆ ಯಾರ ಬೆರಳು ಓಡ್ತಾವೋ, ಗಿಟಾರು ಅವಂದು."

ಆಹಾ ಎಂದಿತು ಸಂತೆ. ಇಂಥ ಬುದ್ಧಿವಂತಿಕೆಯನ್ನು ಅದು ಬಹಳ ದಿನದಿಂದ ಕಂಡಿರಲಿಲ್ಲ. ಕೊಟ್ಟೂರಪ್ಪ ತಾನೇ ವೈರಿಗೆ ಬೆಸುಗೆ ಹಾಕಿ, ಆಂಪ್ಲಿಫೈಯರಿಗೆ ಜೋಡಿಸಿದ.

ಮೊದಲು ಗಾದಿಲಿಂಗಪ್ಪ. ಬಳ್ಳಾರಿಯ ಗೆಳೆಯನೊಬ್ಬನ ಆರು ತಂತಿಯ ಗಿಟಾರಿನಲ್ಲಿ ಅವನು ಅಷ್ಟಿಷ್ಟು ಕಲಿತಿದ್ದ. ನೆಟ್ಟಗಿನ ಪಟ್ಟಿಗೆ ಒಗ್ಗಿದ ಬೆರಳುಗಳು ಓರೆ ಪಟ್ಟಿಗಳ ನಡುವೆ ಎಡವಿದವು. ಸ್ಪೀಕರಿನಿಂದ ಎಮ್ಮೆಕರು ಅರಚಿದಂಥ ಸದ್ದು ಹೊರಟಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನ ಕಣ್ಣಲ್ಲಿ ನೀರು ತುಂಬಿತು. ಸತ್ತ ಜಡೆಪ್ಪನ ಎದುರೇ ಮಾನ ಹೋದಷ್ಟು ನೋವಾಯಿತು ಅವನಿಗೆ.

ಆಮೇಲೆ ವೆಂಕಣ್ಣ. ದಪ್ಪ ತಂತಿಯ ಮೇಲೆ ಹೆಬ್ಬೆರಳಿಟ್ಟ. ಅಂಗಡಿಯ ತಗಡಿನ ಬೋರ್ಡು ಅದುರಿತು. ಅಲ್ಲಿಂದ ಸಣ್ಣ ತಂತಿಯವರೆಗೆ ಬೆರಳುಗಳು ಎಲ್ಲೂ ತಡೆಯದೆ ಓಡಿ ವಾಪಸು ಬಂದವು. ಸಂತೆ ಶಿಳ್ಳೆ ಹೊಡೆಯಿತು. ಗಾದಿಲಿಂಗಪ್ಪನೂ ನಗಲಾರದೆ ನಕ್ಕ. ಜಡೆಪ್ಪನ ಕೈಕೆಲಸ ಹೀಗೆ ನುಡಿಯುತ್ತದೆಂದು ಅವನಿಗೆ ಗೊತ್ತಾದದ್ದು ಆಗಲೇ.

"ಆತಲ್ಲ? ಗಿಟಾರು ವೆಂಕಣ್ಣಂದು," ಎಂದ ಕೊಟ್ಟೂರಪ್ಪ. "ತಮ್ಮಾ, ನೀ ಇನ್ನೊಂದು ಮಾಡಿಸ್ಕೋ."

"ಮಾಡಾವ ಎಲ್ಲಿದಾನ್ರೀ?" ಎಂದ ಗಾದಿಲಿಂಗಪ್ಪ. ಒಮ್ಮೆ ಆ ಓರೆ ಪಟ್ಟಿಗಳ ಮೇಲೆ ಕೈಯಾಡಿಸಿದ. ಕುರುಗೋಡಿನ ಬಸ್ಸು ಹಾರ್ನ್ ಹಾಕುತ್ತಿತ್ತು. ಸೆಲ್ಲನ್ನೂ ಕೊಳ್ಳದೆ ಹೋಗಿ ಬಸ್ಸು ಹತ್ತಿದ.

ಜನ ಚದುರಿದರು. ಕೊಟ್ಟೂರಪ್ಪನ ಜಾಣತನವನ್ನು ಹೊಗಳುತ್ತ ಮತ್ತೆ ಮೆಣಸಿನಕಾಯಿಯ ಚೌಕಾಸಿಗೆ ಇಳಿದರು. ವೆಂಕಣ್ಣ ಗಿಟಾರನ್ನು ಗೋಣಿಚೀಲಕ್ಕೆ ತುಂಬಿ, ಬೆಸುಗೆಗೆ ಎಷ್ಟಾಯಿತೆಂದು ಕೇಳಿದ. ಕೊಟ್ಟೂರಪ್ಪ ಏನೂ ಬೇಡವೆಂದು ಕೈಯಾಡಿಸಿದ. ವೆಂಕಣ್ಣ ಹೊರಡಲಿಲ್ಲ. ಅತ್ತಿತ್ತ ನೋಡಿ, ದನಿ ತಗ್ಗಿಸಿದ.

"ಹೋದ ವರ್ಷ ಇದನ್ನ ನನಗ ಮಾರುವಾಗ, ಇದರ ಮಾಲಕ ಸತ್ತಾನ ಅಂತ ಹೇಳಿದ್ರಲ್ರೀ, ಸಾವ್ಕಾರ್ರ?"