ಮೇಲಿನ ಮೆಟ್ಟಿಲಿನವರು

ಇದೊಂದನ್ನು ಪೂರ್ತಿ ಕೇಳಿಬಿಡಿ, ಆಮೇಲೆ ಬೇಕಾದರೆ ಎದ್ದು ಹೋಗಿ.

ಆ ಹಳೆಯ ಹಾಡು-ಕುಣಿತದ ಸಿನಿಮಾ ಮತ್ತೆ ಥಿಯೇಟರಿಗೆ ಬಂದಿತ್ತು. ಹಾಲ್ ಭರ್ತಿ. ಹಾಡು ಶುರುವಾಗುವ ಮೊದಲೇ ಅರ್ಧ ಜನ ಗುನುಗುತ್ತಿದ್ದರು. ಮೂರನೇ ಸಾಲಿನಲ್ಲಿ ಅಜ್ಜಿ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಮೆಟ್ಟಿಲ ಮೇಲಿನ ಆ ಕುಣಿತದಲ್ಲಿ, ತೀರಾ ಮೇಲಿನ ಸಾಲಿನಲ್ಲಿ, ತಾನೂ ಇದ್ದೆ ಅಂತ ಅವರು ಹೇಳುತ್ತಲೇ ಬಂದಿದ್ದರು. ಮನೆಯಲ್ಲಿ ಒಬ್ಬರೂ ನಂಬಿರಲಿಲ್ಲ.

ಮೆಟ್ಟಿಲು ಬಂತು. ನಾಯಕ ಬಂದ, ನಾಯಕಿ ಬಂದಳು. ಮೇಲಿನ ಸಾಲಿನ ಹುಡುಗಿಯರಿಗೆ ಮಾತ್ರ ತಲೆಯೇ ಇಲ್ಲ!

"ಅತ್ತೇ, ಶೂಟಿಂಗಿಗೆ ತಲೆ ಮನೇಲೇ ಬಿಟ್ಟು ಹೋಗಿದ್ರಾ?" ಅಂದ ಪಕ್ಕದಲ್ಲಿದ್ದ ಅಳಿಯ. ಸಾಲಿಗೆ ಸಾಲೇ ನಕ್ಕಿತು.

ಅಜ್ಜಿ ನಗಲಿಲ್ಲ. ಇಂಟರ್ವಲ್ ಬಿಟ್ಟಿದ್ದೇ ತಡ, ಮಂಡಿ ಹಿಡಿದುಕೊಂಡು ಆಪರೇಟರ್ ರೂಮಿಗೆ ಹತ್ತಿದರು.

"ನನ್ನ ತಲೆ ಎಲ್ಲಪ್ಪಾ?"

ವಿಷಯ ಕೇಳಿ ಆಪರೇಟರ್ ತಲೆ ಕೆರೆದುಕೊಂಡ. "ಹಳೇ ಸಿನಿಮಾ ಚೌಕಾಕಾರ ಅಮ್ಮಾ, ಈಗಿನ ಪರದೆ ಅಗಲ. ತುಂಬಲಿ ಅಂತ ದೊಡ್ಡದು ಮಾಡಿದೀನಿ. ಮೇಲೆ, ಕೆಳಗೆ ಸ್ವಲ್ಪ ಹೋಗುತ್ತೆ."

"ಆ ಸ್ವಲ್ಪಾನೇ ನಾನು."

"ಇದ್ದ ಹಾಗೇ ಹಾಕಿದ್ರೆ ಎರಡೂ ಕಡೆ ಕಪ್ಪು ಪಟ್ಟಿ ಬರುತ್ತೆ. ಜನ ನನ್ನ ಚರ್ಮ ಸುಲೀತಾರೆ."

"ಕೊನೇಲಿ ಅದೇ ಹಾಡು ಇನ್ನೊಂದ್ಸಲ ಬರುತ್ತೆ, ಆಗ ಹಾಕು." ಅಜ್ಜಿ ಅವನ ಸ್ಟೂಲು ಎಳೆದುಕೊಂಡು ಕೂತರು. "ಅಲ್ಲಿವರೆಗೂ ಜಪ್ಪಯ್ಯ ಅಂದ್ರೂ ಏಳಲ್ಲ."

ಹಾಡು ಬಂತು. ದೇವರ ಮೇಲೆ ಭಾರ ಹಾಕಿ ಆಪರೇಟರ್ ಗುಂಡಿ ಒತ್ತಿದ. ಚಿತ್ರ ಚಿಕ್ಕದಾಯಿತು. ಕೆಳಗೆ ಶಿಳ್ಳೆ, ಬೈಗುಳ, "ಏಯ್, ನಿದ್ದೆ ಮಾಡ್ತಿದೀಯೇನೋ!" ಆದರೆ ಮೇಲಿನ ಮೆಟ್ಟಿಲಿಗೆ ಮುಖಗಳು ಬಂದವು. ಎಲ್ಲರೂ ಬಲಕ್ಕೆ ತಿರುಗಿದರು. ಒಬ್ಬಳು ಮಾತ್ರ ಎಡಕ್ಕೆ.

ಗದ್ದಲ ಸೀಳಿಕೊಂಡು ಅಳಿಯನ ಕೂಗು ಮೇಲಕ್ಕೆ ಬಂತು: "ಅಯ್ಯೋ, ಅವರೇ ಕಣ್ರೋ! ಊರಿಗೊಂದು ದಾರಿಯಾದ್ರೆ ನಮ್ಮತ್ತೆಗೊಂದು ದಾರಿ!"

ಅಷ್ಟರಲ್ಲಿ ಮ್ಯಾನೇಜರ್ ಬಾಗಿಲು ಬಡಿಯತೊಡಗಿದ್ದ. "ಪರದೆ ತುಂಬಿಸೋ ಮಾರಾಯ, ಕುರ್ಚಿ ಮುರೀತಾರೆ!"

"ನೋಡಿದ್ರಲ್ಲಮ್ಮಾ, ಇನ್ನು ದೊಡ್ಡದು ಮಾಡ್ಲಾ?"

ಅಜ್ಜಿ ಅವನ ಮಣಿಕಟ್ಟು ಹಿಡಿದರು. "ನಂದಾಯ್ತು. ನನ್ನ ಸಾಲಿನ ಆ ರಿಬ್ಬನ್ನಿನವಳು, ಪಕ್ಕದ ಉದ್ದ ಜಡೆಯವಳು... ಅವರ ಮನೆಯೋರೂ ಕೆಳಗೆ ಕೂತಿದ್ರೆ?"

ಚಿಲಕ ಅದುರುತ್ತಿತ್ತು. ಹಾಡು ಇನ್ನೂ ಅರ್ಧ ಬಾಕಿ ಇತ್ತು. ಆ ಗುಂಡಿ ನಿಮ್ಮ ಬೆರಳ ಕೆಳಗಿದ್ದಿದ್ದರೆ, ನೀವೇನು ಮಾಡುತ್ತಿದ್ದಿರಿ?